ಗೋದಾವರಿಯ ಹಗುರ ಮಣ್ಣು

ಹಬ್ಬುವಾಡದಲ್ಲಿ ನಮ್ಮ ಮನೆಗೂ ಗೋದಾವರಿಯ ಮನೆಗೂ ನಡುವೆ ಒಂದು ದಾಸವಾಳದ ಬೇಲಿ, ಅಷ್ಟೇ. ಅದನ್ನೂ ನೆಟ್ಟವಳು ಅವಳೇ. ಮಂಜಗುಣಿಯಿಂದ ಮದುವೆಯಾಗಿ ಬಂದ ದಿನ ಅವಳು ಒಂದು ಟ್ರಂಕು ತಂದಿದ್ದಳು, ಜೊತೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಏಳು ಅಬ್ಬಲಿಗೆ ಹೂವಿನ ಸಸಿ. "ಸೀರೆ ಎಷ್ಟು ತಂದಿದ್ಯೇ?" ಎಂದು ಅತ್ತೆ ಕೇಳಿದರಂತೆ. "ನಾಲ್ಕು. ಅವು ಇದ್ದಷ್ಟೇ ಇರ್ತಾವೆ. ಇವು ಹೆಚ್ತಾವೆ" ಎಂದಳಂತೆ ಇವಳು.

ಹೆಚ್ಚಿದವು ನಿಜ. ನಾನು ನೋಡುವ ಕಾಲಕ್ಕೆ ಅವಳ ಹಿತ್ತಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಬ್ಬಲಿಗೆ, ಮಲ್ಲಿಗೆ, ದಾಸವಾಳ, ಕರಿಬೇವು, ಎಲ್ಲವೂ ಕರಿ ಪ್ಲಾಸ್ಟಿಕ್ ಚೀಲಗಳಲ್ಲಿ ಸಾಲಾಗಿ ನಿಂತಿರುತ್ತಿದ್ದವು. ಭಾನುವಾರ ಬೆಳಗಾದರೆ ಹನ್ನೆರಡು ಗಿಡ ಬುಟ್ಟಿಯಲ್ಲಿಟ್ಟು, ತಲೆಯ ಮೇಲೆ ಹೊತ್ತು, ಕಾರವಾರದ ಸಂತೆಗೆ ನಡೆದೇ ಹೋಗುತ್ತಿದ್ದಳು. ಕೆಂಪು ಮಣ್ಣು ತುಂಬಿದ ಹನ್ನೆರಡು ಚೀಲವೆಂದರೆ ಒಂದು ಮಗುವನ್ನು ಹೊತ್ತಷ್ಟು ಭಾರ.

2003ರ ಹೋಳಿ ಮುಗಿದ ವಾರ ಅವಳ ಬೆನ್ನು ಹಿಡಿಯಿತು. ಬುಟ್ಟಿ ಎತ್ತಲು ಬಗ್ಗಿದವಳು ಬಗ್ಗಿದಂತೆಯೇ ನಿಂತುಬಿಟ್ಟಳು. ನಾನು, ಅವಳ ಗಂಡ ದೇವಿದಾಸ, ಮಗ ರೂಪೇಶ ಮೂವರೂ ಹಿಡಿದು ಮಂಚಕ್ಕೆ ಸಾಗಿಸಿದೆವು. ಐದು ಕಿಲೋಗಿಂತ ಹೆಚ್ಚು ಎತ್ತಕೂಡದು ಎಂದರು ಡಾಕ್ಟರು.

ರೂಪೇಶ ಆ ವರ್ಷವಷ್ಟೇ ಟೆಂಪೊ ಕೊಂಡಿದ್ದ. ಮೀನು ತುಂಬಿಕೊಂಡು ದಿನವೂ ಅಂಕೋಲಕ್ಕೆ ಹೋಗುತ್ತಿದ್ದ. ಅದನ್ನು ನಿಲ್ಲಿಸಲು ಜಾಗವಿಲ್ಲವೆಂದು ಹಿತ್ತಲಿನ ಮೇಲೆ ಅವನ ಕಣ್ಣಿತ್ತು.

"ಆಯಿ, ಇನ್ ಸಾಕ್ ಮಾಡು. ಗಿಡ ಎಲ್ಲಾ ಕೊಟ್ಬಿಡು. ಅಲ್ಲಿ ಶೆಡ್ ಹಾಕ್ತೆ."

"ನನ್ನನ್ನೂ ಶೆಡ್ಡಲ್ಲೇ ನಿಲ್ಸು, ಟೆಂಪೊ ಪಕ್ಕಕ್ಕೆ."

"ಹೊರೂಕಾಗೂದಿಲ್ಲ, ಮತ್ತೆಂತಾ ಮಾಡ್ತಿ?"

ಮಾತು ಬೆಳೆದು ಕೊನೆಗೆ ಒಂದು ಕರಾರಾಯಿತು. ದೀಪಾವಳಿಯ ಹಿಂದಿನ ಭಾನುವಾರದೊಳಗೆ ಅವಳು ತಾನೇ ಬುಟ್ಟಿ ಎತ್ತಿ ಸಂತೆಗೆ ಹೋದರೆ ಹಿತ್ತಲು ಅವಳದು. ಇಲ್ಲವಾದರೆ ಟೆಂಪೊದ್ದು.

ಅವಳ ತಲೆಗೆ ಹಗುರ ಮಣ್ಣಿನ ಹುಚ್ಚು ಹತ್ತಿದ್ದು ಹಾಗೆ. ಹಿಂದಿನ ಬೀದಿಯ ನಮಿತಾ ಗೋವಾದಿಂದ ಒಂದು ಜರ್ಬೆರಾ ಗಿಡ ತಂದಿದ್ದಳು. ಅದು ಸತ್ತ ಮೇಲೆ ಕುಂಡವನ್ನು ಗೋದಾವರಿಗೆ ಕೊಟ್ಟಳು. ಮಣ್ಣು ತುಂಬಿದ ಕುಂಡ, ಎತ್ತಿದರೆ ಹತ್ತಿಯಂತೆ. ಒಳಗಿನ ಕಪ್ಪು ಪುಡಿಗೆ ಪೀಟ್ ಎನ್ನುತ್ತಾರೆ, ಹೊರದೇಶದಲ್ಲಿ ಸಾವಿರಾರು ವರ್ಷದಿಂದ ಕೊಳೆತುಬಿದ್ದ ಜೌಗು ನೆಲವನ್ನು ಅಗೆದು ಹಡಗಿನಲ್ಲಿ ತರುತ್ತಾರೆ ಎಂದು ನಮಿತಾ ತಿಳಿಸಿದಳು.

"ಅಂದ್ರೆ ಅವ್ರ ಗಜನಿ ಅಗೆದು ತರೂದೋ?" ಗೋದಾವರಿಗೆ ಬೇಸರವೇ ಆಯಿತು. ಮಂಜಗುಣಿಯವಳು, ಗಂಗಾವಳಿಯ ಉಪ್ಪುನೀರು ಹರಿದಾಡುವ ಗಜನಿ ಗದ್ದೆಯಲ್ಲಿ ಬೆಳೆದವಳು. "ನಮ್ಮ ಗಜನಿ ಮಣ್ಣು ಯಾರಾದ್ರೂ ಹಡಗಿಗೆ ತುಂಬಿದ್ರೆ ನಾವು ಸುಮ್ನಿರ್ತಿದ್ವಾ? ಬೇಡ. ಇಲ್ಲೇ ಎಂತದಾದ್ರೂ ಇರ್ತದೆ."

ಇದ್ದದ್ದು ಗಂಡನ ಕಾಲಬುಡದಲ್ಲಿ. ದೇವಿದಾಸ ಕೋಡಿಬಾಗದಲ್ಲಿ ಮರದ ದೋಣಿ ಕಟ್ಟುವ ಕೆಲಸಗಾರ. ಮಾವಿನ ಹಲಗೆಗೆ ಕೀಸುಳಿ ಹಾಕಿದರೆ ಸುರುಳಿ ಸುರುಳಿಯಾಗಿ ಹೊಟ್ಟು ಬೀಳುತ್ತಿತ್ತು. ಅದನ್ನು ಒಲೆಗೆಂದು ಮೂಟೆಗಟ್ಟಲೆ ತರುತ್ತಿದ್ದ. ಗೋದಾವರಿ ಅದನ್ನು ಒಂದು ರಾತ್ರಿ ಒಂದೇ ಕೊಡ ನೀರಿನಲ್ಲಿ ನೆನೆಸಿ, ಅವಲಕ್ಕಿ ಕುಟ್ಟುವ ಒರಳಿಗೆ ಹಾಕಿದಳು. ಬೆನ್ನು ಅವಳದು ಕೆಟ್ಟಿತ್ತು. ಒನಕೆ ನನ್ನ ಕೈಗೆ ಬಂತು. ನಮ್ಮವರು ಹೋಗಿ ಎರಡು ವರ್ಷವಾಗಿತ್ತು, ನನಗೂ ಮಧ್ಯಾಹ್ನ ಕಳೆಯಲು ಏನಾದರೂ ಬೇಕಿತ್ತು. ಕುಟ್ಟಿದಂತೆ ಸುರುಳಿಗಳು ಬಿಚ್ಚಿ ನಾರುನಾರಾಗಿ, ಮುಟ್ಟಿದರೆ ಉಣ್ಣೆಯ ಹಾಗೆ ಅರಳಿದವು. ಮುಕ್ಕಾಲು ಪಾಲು ನಾರು, ಕಾಲು ಪಾಲು ಎಲೆಗೊಬ್ಬರ. ಚೀಲಕ್ಕೆ ತುಂಬಿ, ಬೇಸಿಗೆಯಲ್ಲೇ ನೂರು ಅಬ್ಬಲಿಗೆ ಸಸಿ ನೆಟ್ಟು ಮಾಡಿನ ಕೆಳಗೆ ಜೋಡಿಸಿದೆವು. ನಾರು ನೀರು ಹಿಡಿದಿಡುತ್ತದೆಂದು ಚಿಮುಕಿಸಿದಷ್ಟೇ ನೀರು.

ಹದಿನೈದು ದಿನಕ್ಕೆ ಎಲೆಗಳ ತುದಿ ಸುಟ್ಟವು. ಬೀಡಿ ತಾಗಿಸಿದ ಹಾಗೆ ಕಂದು ಅಂಚು. ತಿಂಗಳಾಗುವಾಗ ಎಂಬತ್ತು ಗಿಡ ಹೋದವು. ಬಿಸಿಲು ಎಂದರು ಒಬ್ಬರು, ದೃಷ್ಟಿ ಎಂದರು ಇನ್ನೊಬ್ಬರು. ರೂಪೇಶ ಹಿತ್ತಲಿನ ಉದ್ದಗಲ ಹೆಜ್ಜೆ ಹಾಕಿ ಅಳೆದ. ಗೋದಾವರಿ ಎರಡು ದಿನ ಹಿತ್ತಲಿಗೇ ಇಳಿಯಲಿಲ್ಲ.

ಮೂರನೆಯ ದಿನ ನಮ್ಮ ಆಕಳು ಹಗ್ಗ ಬಿಚ್ಚಿಕೊಂಡು ಅವಳ ಹಿತ್ತಲಿಗೆ ನುಗ್ಗಿತು. ಹಸಿರು ಹುಲ್ಲು ಅಲ್ಲೇ ಇದೆ, ಮೂಸಲೂ ಇಲ್ಲ. ನಾರಿನ ರಾಶಿಯನ್ನು ನೆಕ್ಕುತ್ತ ನಿಂತಿತು. ಹೊಡೆದರೂ ಸರಿಯಲಿಲ್ಲ. ಕಿಟಕಿಯಿಂದ ನೋಡುತ್ತಿದ್ದ ಗೋದಾವರಿ ನಿಧಾನ ಕೆಳಗಿಳಿದು ಬಂದು, ಒಂದು ಚಿಟಿಕೆ ನಾರು ನಾಲಿಗೆಗೆ ಹಚ್ಚಿಕೊಂಡಳು.

"ಇದ್ರಲ್ಲಿ ಉಪ್ಪಿನಕಾಯಿ ಹಾಕಬಹುದು ಗೋ" ಎಂದಳು ನನಗೆ.

ಸಂಜೆ ದೇವಿದಾಸ ಬಂದವನೇ ಸಿಕ್ಕಿಬಿದ್ದ.

"ನಿಮ್ಮ ಮರಕ್ಕೆ ಉಪ್ಪು ಎಲ್ಲಿಂದ ಬಂತು?"

"ಖಾಡಿಯ ಉಪ್ಪುನೀರಲ್ಲಿ ಆರು ತಿಂಗಳು ಮುಳುಗ್ಸಿ ಇಡೂದಲ್ವಾ. ಇಲ್ಲಾಂದ್ರೆ ಹುಳ ಹಿಡೀತದೆ. ನನ್ನ ಅಜ್ಜನ ಕಾಲದಿಂದ ಹಾಗೇ."

"ಮತ್ತೆ ಹೇಳೂಕೆ ಎಂತಾ ಆಗಿತ್ತು?"

"ನೀ ಕೇಳ್ಬೇಕಿತ್ತು. ಒಲೆಗೆ ಒಯ್ದಿದ್ದು ನಾನು. ಒಲೆ ಯಾವತ್ತೂ ದೂರಲಿಲ್ಲ."

ಇಷ್ಟು ವರ್ಷ ಖಾಡಿಯ ದಡದಲ್ಲಿ ಬದುಕಿದ ನಮಗೆ ಯಾರಿಗೂ ಹೊಳೆಯಲಿಲ್ಲವಲ್ಲ. ಉಪ್ಪು ನಮಗೆ ಗಾಳಿಯಂತೆ, ಲೆಕ್ಕಕ್ಕೇ ಇಲ್ಲ.

ಅಷ್ಟರಲ್ಲಿ ಮಳೆ ಶುರುವಾಗಿತ್ತು. ಗೋದಾವರಿ ಹರಿದ ಮೀನುಬಲೆಯಲ್ಲಿ ಹೊಸ ನಾರು ಕಟ್ಟಿ, ಮಾಡಿನ ನೀರು ಸುರಿಯುವಲ್ಲಿ ಸಾಲಾಗಿ ತೂಗಹಾಕಿದಳು. ಇಡೀ ಆಷಾಢ ಕಾರವಾರದ ಮಳೆ ಅದರ ಮೇಲೆ ಸುರಿಯಿತು. ವಾರಕ್ಕೊಮ್ಮೆ ನಾಲಿಗೆ ಪರೀಕ್ಷೆ. ಮೊದಲು ಅವಳು, ನಂತರ ನಾನು, ನಂತರ ದೇವಿದಾಸ. ಅವನಿಗೆ ಮೂರು ವಾರವೂ ಉಪ್ಪೇ.

"ಇವ್ರ ನಾಲಿಗೇಲೇ ಉಪ್ಪಿದೆ. ಇವ್ರನ್ನ ಬಿಟ್ಟು ಪರೀಕ್ಷೆ ಮಾಡುವಾ" ಎಂದಳು ಅವಳು. ಕೊನೆಯ ತೀರ್ಪು ಆಕಳದ್ದು. ಮುಂದಿಟ್ಟರೆ ಮೂಸಿ ಮುಖ ತಿರುಗಿಸಿತು. ಆ ದಿನವೇ ಚೀಲ ತುಂಬಿದೆವು.

ಶ್ರಾವಣದಲ್ಲಿ ನೆಟ್ಟವು ಬೇರು ಬಿಟ್ಟವು. ಆದರೆ ಎಲೆ ಸ್ವಲ್ಪ ಹಳದಿ. ಮರದ ನಾರು ತಾನು ಕೊಳೆಯಲು ಗಿಡದ ಪಾಲನ್ನೂ ತಿನ್ನುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. "ಹೊಸ ನೆಂಟ ಹಸಿದಿದ್ದಾನೆ, ಅವ್ನಿಗೂ ಬಡಿಸುವಾ" ಎಂದು ಶೇಂಗಾಹಿಂಡಿ ಕದಡಿದ ನೀರು ಎಂಟು ದಿನಕ್ಕೊಮ್ಮೆ ಹಾಕಿದಳು. ನವರಾತ್ರಿಯ ಹೊತ್ತಿಗೆ ಗಿಡಗಳು ಹೂಬಿಟ್ಟವು.

ಕರಾರಿನ ಭಾನುವಾರ ರೂಪೇಶ ಟೆಂಪೊ ಹೊರಡಿಸದೆ ಕಟ್ಟೆಯ ಮೇಲೆ ಕೂತಿದ್ದ. ಗೋದಾವರಿ ಹನ್ನೆರಡು ಗಿಡ ಬುಟ್ಟಿಗಿಟ್ಟಳು. ನಾನು ಕೈಹಾಕಲು ಹೋದೆ.

"ಮುಟ್ಬೇಡ. ಆಮೇಲೆ ಇವ್ನು ತಕರಾರು ತೆಗೀತಾನೆ."

ಮೊಣಕಾಲು ಮಡಚಿ, ಬೆನ್ನು ನೇರ ಇಟ್ಟು ಎತ್ತಿದಳು. ಬುಟ್ಟಿ ತಲೆಗೇರಿತು. ರೂಪೇಶ ಎದ್ದು ಬಂದು ಅದನ್ನು ಇಳಿಸಿಕೊಂಡ, ತಾನೇ ಎತ್ತಿ ನೋಡಿದ, ಒಂದು ಚೀಲದಲ್ಲಿ ಬೆರಳು ತೂರಿಸಿದ. ಬೇರು ಸಿಕ್ಕಿತು.

"ಭಾರ ಎಲ್ಲಿ ಹೋಯ್ತು?"

"ಮಳೆ ತೊಳ್ಕೊಂಡು ಹೋಯ್ತು. ಇಡು ತಲೆ ಮೇಲೆ."

ಇಟ್ಟ. ನಾನೂ ಜೊತೆಗೆ ನಡೆದೆ. ಸಂತೆಯಲ್ಲಿ ಮೊದಲ ಗಿರಾಕಿ ರಾಮನಗುಳಿಯ ವಸುಮತಿಯಮ್ಮ. ತೋಟದ ಮನೆಯವರು, ಗಿಡ ಬಲ್ಲವರು. ಒಂದು ಚೀಲ ಎತ್ತಿದವರೇ ಕೆಳಗಿಟ್ಟರು.

"ತಂಗಿ, ಇದ್ರಲ್ಲಿ ಮಣ್ಣು ಹಾಕಿದ್ಯೋ, ಬರೀ ಗಾಳಿಯೋ?"

ಗೋದಾವರಿ ಚೀಲ ಸೀಳಿ ಬೇರಿನ ಮುದ್ದೆಯನ್ನು ಅವರ ಅಂಗೈಯಲ್ಲಿಟ್ಟಳು. ಬಿಳಿ ಬೇರು ನಾರನ್ನೆಲ್ಲ ಹಿಡಿದು ಹೆಣೆದಿತ್ತು. ವಸುಮತಿಯಮ್ಮ ತಿರುಗಿಸಿ ತಿರುಗಿಸಿ ನೋಡಿ, "ಬಸ್ಸಲ್ಲಿ ತೊಡೆ ಮೇಲೆ ಇಟ್ಕಂಡು ಹೋಪಲೆ ಅಡ್ಡಿ ಇಲ್ಲೆ. ನಾಲ್ಕು ಕೊಡು" ಎಂದರು. ಹನ್ನೊಂದು ಗಂಟೆಗೆ ಬುಟ್ಟಿ ಖಾಲಿ.

ಸಂಜೆ ರೂಪೇಶ ಬೇಲಿಯ ಬಳಿ ಬಂದು ತಲೆ ಕೆರೆದುಕೊಂಡ.

"ಮಾವ್ಶಿ, ನಿಮ್ಮ ಅಂಗಳ ಖಾಲಿ ಉಂಟಲ್ಲ. ಟೆಂಪೊ ನಿಲ್ಸಲಾ?"

ನಿಲ್ಲಿಸು ಎಂದೆ. ಅವನು ಹಿಂದೆ ಮುಂದೆ ಮಾಡಿ ನಿಲ್ಲಿಸಿ, ಒಳಗೆ ಹೋಗಿ ಚಹಾ ಕುಡಿದು ಬರುವಷ್ಟರಲ್ಲಿ ಟೆಂಪೊದ ನೆರಳಿನಲ್ಲಿ ಇಪ್ಪತ್ತು ಹೊಸ ಸಸಿಗಳ ಚೀಲ ಸಾಲಾಗಿ ಕೂತಿದ್ದವು. "ನಾಳೆ ಗಾಡಿ ತೆಗೆಯೂ ಮೊದ್ಲು ಹೇಳು. ಚೀಲ ಸರಿಸ್ತೆ" ಎಂದಳು ಗೋದಾವರಿ, ಬೇಲಿಯಾಚೆಯಿಂದ.