ಕರಿಯನನ್ನು ಒಲ್ಲೆ ಎಂದವರು

ನಮ್ಮ ಓನರಮ್ಮನ ಸೀರೆಯ ಅಂಚು ಯಾವಾಗಲೂ ಒಂದು ಗೇಣು ಒದ್ದೆ. ನೀರಿನಲ್ಲಿ ನಿಂತು ನಿಂತು ಹಿಮ್ಮಡಿಗಳು ಬಿಳಿಚಿ ಬಿರಿದಿದ್ದವು. ಶಿವಮೊಗ್ಗದ ರವೀಂದ್ರನಗರದಲ್ಲಿ ಅವರ ಮನೆಯ ಮಹಡಿಗೆ ನಾವು ಬಾಡಿಗೆಗೆ ಬಂದ ಮೇಲೆ ಅವರ ಕೈಯಲ್ಲಿ ಬಕೆಟ್ ಇಲ್ಲದ್ದನ್ನು ನಾನು ನೋಡಿದ್ದೇ ಕಡಿಮೆ. ಅದಕ್ಕೆ ಕಾರಣ ಕರಿಯ, ನನ್ನ ಗಂಡ ಬೀದಿಯಿಂದ ಎತ್ತಿಕೊಂಡು ಬಂದು ಸಾಕಿದ್ದ ನಾಯಿ. ಅವನು ಮೆಟ್ಟಿಲಿಳಿದರೆ ಸಾಕು, ಹಿಂದೆಯೇ ನೀರು ಸುರಿದು ಪರಪರ ತಿಕ್ಕುತ್ತಿದ್ದರು.

"ಬಂದ ನೋಡು ನಿನ್ನ ಸುಪುತ್ರ. ಕಾಲು ಒರೆಸ್ಕೊಂಡು ಬರೋದು ಹೇಳ್ಕೊಡೇ ಮಾರಾಯ್ತಿ!"

ಇಬ್ಬರಿಗೂ ಎಣ್ಣೆ ಸೀಗೆಕಾಯಿ ಎನ್ನಬೇಕೆಂದರೆ ಕರಿಯನದೇ ತಕರಾರು. ಬೈಸಿಕೊಂಡಷ್ಟೂ ಅವರ ಮುಂದೆ ಬಾಲ ಅಲ್ಲಾಡಿಸುವ ಮಾನಗೇಡಿ ಅವನು. ಓನರಮ್ಮ ಮಾತ್ರ ಅವನ ಮುಖವನ್ನು ನೆಟ್ಟಗೆ ನೋಡುತ್ತಿರಲಿಲ್ಲ. ನನಗದು ಮಡಿಯಂತೆ ಕಂಡಿತ್ತು.

ಕೊರೊನಾದ ಎರಡನೇ ಅಲೆಯಲ್ಲಿ ನನ್ನ ಗಂಡ ತೀರಿಕೊಂಡರು. ಆಮೇಲೂ ಕೆಲಸಕ್ಕೆಂದು ದುರ್ಗಿಗುಡಿಯ ಸೀರೆ ಅಂಗಡಿಗೆ ಹೋಗುವುದು, ಗಿರಾಕಿಗಳ ಮುಂದೆ ಹರಡಿದ ಸೀರೆಗಳನ್ನು ಮಡಿಸುವುದು, ಮನೆಗೆ ಬರುವುದು. ನೋಡಿದವರಿಗೆ ಚೆನ್ನಾಗಿಯೇ ಇದ್ದೆ. ಸಾಯುವ ಯೋಚನೆ ಮೊದಮೊದಲು ಬಂದು ಹೋಗುತ್ತಿತ್ತು, ಆಮೇಲೆ ಬಂದು ಕೂತೇಬಿಟ್ಟಿತು. ತಡೆದವನು ಕರಿಯ ಒಬ್ಬನೇ. ಅವನಿಗಾಗಲೇ ಕಣ್ಣು ಮಂಜಾಗಿತ್ತು. ಅನ್ನ ಕಲಸಿ ಬಾಯಿಯ ಹತ್ತಿರವೇ ಇಡಬೇಕಿತ್ತು. ನನ್ನ ನಂತರ ಇವನಿಗೆ ಯಾರು?

ಭದ್ರಾವತಿಯಲ್ಲಿರುವ ಅಣ್ಣನನ್ನು ಕೇಳಿದೆ. "ಈ ಕ್ವಾರ್ಟರ್ಸ್‌ನಲ್ಲಿ ನಮಗೇ ಜಾಗ ಸಾಲಲ್ಲ ಕಣೇ," ಎಂದ. ಅಂಗಡಿಯ ಗೆಳತಿಗೆ ಕೈಗೂಸು. ಯಾಕೆ ಕೇಳುತ್ತಿದ್ದೇನೆಂದು ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಕೊನೆಗೆ ಓನರಮ್ಮನೇ ಗತಿ ಎಂದುಕೊಂಡೆ. ಎಷ್ಟು ಬೈದರೂ, ಒಪ್ಪಿಕೊಂಡ ಮೇಲೆ ಮಾತಿಗೆ ತಪ್ಪುವ ಹೆಂಗಸಲ್ಲ.

ಏಪ್ರಿಲ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಕರಿಯನನ್ನು ಹಿಡಿದುಕೊಂಡು ಕೆಳಗಿಳಿದೆ.

"ಅಣ್ಣನ ಮನೆಗೆ ಹೋಗ್ಬರ್ತೀನಿ ಆಂಟಿ. ಎರಡು ದಿನ ಇವನ್ನ ನೋಡ್ಕೊಳ್ತೀರಾ?"

ಅವರು ನಾಯಿಯನ್ನು ನೋಡಲಿಲ್ಲ, ನನ್ನ ಕೈಯಲ್ಲಿದ್ದ ಚೀಲವನ್ನು ನೋಡಿದರು. ಅವನ ತಟ್ಟೆ, ಹಾಸುವ ಗೋಣಿ, ಕಣ್ಣಿನ ಔಷಧಿ, ಎಲ್ಲದರ ಮೇಲೆ ನನ್ನ ಗಂಡನ ಹಳೆಯ ಸ್ವೆಟರ್ ಕತ್ತರಿಸಿ ಹೊಲಿದ ಅವನ ಚಳಿಯಂಗಿ.

"ಎರಡು ದಿನಕ್ಕೆ, ಈ ಬಿಸಿಲಲ್ಲಿ, ಸ್ವೆಟರ್ ಯಾಕೆ?"

ನಾನು ಚೀಲದ ಬಾಯಿ ಮುಚ್ಚಿ ಹಿಡಿದೆ. ಅವರು ಬಕೆಟ್ ಕೆಳಗಿಟ್ಟರು.

"ಸಾಯೋ ಯೋಚನೆ ಮಾಡಿದೀಯೇನೇ?"

ಅಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಒದ್ದೆ ಮೆಟ್ಟಿಲ ಮೇಲೆ ಕುಸಿದು ಅತ್ತೆ. ಅವರು ಪಕ್ಕದಲ್ಲೇ ಕೂತರು.

"ನಾಯಿನ ನಾನು ಇಟ್ಕೊಳಲ್ಲ," ಎಂದರು. "ನಾವು ಭದ್ರಾವತಿಲಿದ್ದಾಗ ನನ್ನ ತಮ್ಮನೂ ಅವನ ನಾಯಿನ ಹಿಂಗೇ ತಂದ. ದೂರದೂರಲ್ಲಿ ಕೆಲಸ ಸಿಕ್ಕಿದೆ, ನೋಡ್ಕೊಳ್ಳೇ ಅಕ್ಕ ಅಂದ. ಇಸ್ಕೊಂಡೆ. ಯಾವ ಊರೋ, ಏನು ಕೆಲಸವೋ ಅಂತ ಒಂದು ಮಾತು ಕೇಳ್ಲಿಲ್ಲ. ಮಾರನೇ ದಿನವೇ ಅವನು ಜೀವ ಕಳ್ಕೊಂಡ ಅಂತ ಸುದ್ದಿ ಬಂತು. ಆ ನಾಯಿ ಅನ್ನ ಮುಟ್ಟದೆ ಗೇಟ್ ನೋಡ್ಕೊಂಡೇ ಇತ್ತು ಕಣೇ. ಆವತ್ತಿಂದ ನಾಯಿ ಮುಖ ನೋಡಕ್ಕಾಗಲ್ಲ ನಂಗೆ."

ಆ ದಿನ ಅವರು ನನ್ನನ್ನು ಒಬ್ಬಳೇ ಬಿಡಲಿಲ್ಲ. ಮರುದಿನ ಆಸ್ಪತ್ರೆಯ ಮನೋವೈದ್ಯರ ಬಾಗಿಲಲ್ಲಿ ನನ್ನ ಜೊತೆ ಸರದಿಗೆ ಕೂತರು. ಪರಿಚಯದವರೊಬ್ಬರು, "ಏನಿಲ್ಲಿ?" ಎಂದದ್ದಕ್ಕೆ, "ಹಲ್ಲುನೋವಿಗೆ ಇಲ್ಲಿಗ್ಯಾಕೆ ಬರ್ತಾರೆ?" ಎಂದು ಬಾಯಿ ಮುಚ್ಚಿಸಿದರು. ತಿಂಗಳುಗಟ್ಟಲೆ ನನ್ನ ಹಾಸಿಗೆ ಅವರ ನಡುಮನೆಯಲ್ಲಿತ್ತು. ಮಾತ್ರೆ ಅವರ ಬೀರುವಿನಲ್ಲಿರುತ್ತಿತ್ತು, ಊಟದ ಮೇಲೆ ಅವರೇ ಕೊಡುತ್ತಿದ್ದರು. ಕರಿಯನಿಗೂ ಬಾಗಿಲ ಬಳಿ ಜಾಗವಾಯಿತು. ಅವನು ಎದ್ದ ತಕ್ಷಣ ನೆಲ ಒರೆಸುವುದನ್ನು ಮಾತ್ರ ಓನರಮ್ಮ ಬಿಡಲಿಲ್ಲ.

"ಇನ್ನೊಂದ್ಸಲ ನಾಯಿನ ಮುಂದೆ ಮಾಡ್ಕೊಂಡು ಬರಬೇಡ ಮಾರಾಯ್ತಿ," ಎಂದು ಒಮ್ಮೆ ಹೇಳಿದರು. "ಅದಕ್ಕೆ ಬಾಯಿಲ್ಲ. ನಿಂಗಿದೆ."

ಕರಿಯ ಮುಪ್ಪಾಗಿ ಸತ್ತ ದಿನ ಹಿತ್ತಲಲ್ಲಿ ಮಣ್ಣು ಮಾಡಿ ಮೇಲೆ ಬಂದು ಕೂತಿದ್ದೆ. ಮಂಡಿನೋವಿಗೆ ಮಹಡಿ ಹತ್ತುವುದನ್ನೇ ಬಿಟ್ಟಿದ್ದ ಓನರಮ್ಮ, ಕಂಕುಳಲ್ಲಿ ದಿಂಬು ಇಟ್ಟುಕೊಂಡು ಏದುಸಿರು ಬಿಡುತ್ತಾ ಬಂದರು. "ನಾನಿಲ್ಲೇ ಮಲಗೋದು," ಎಂದವರೇ ಗೋಡೆಗೆ ಮುಖ ಮಾಡಿ ಅಳತೊಡಗಿದರು. ಯಾರಿಗಾಗಿ ಅಳುತ್ತಿದ್ದಾರೆಂದು ನಾನು ಕೇಳಲಿಲ್ಲ.

ಕಳೆದ ವರ್ಷ ಭದ್ರಾವತಿಯ ಮಗಳ ಮನೆಯಲ್ಲಿ ಅವರಿಗೆ ಹೃದಯಾಘಾತವಾಯಿತು. ನಾನು ಹೋಗುವಷ್ಟರಲ್ಲಿ ಹೆಣವನ್ನು ಹೊರಗೆ ಮಲಗಿಸಿದ್ದರು. ಬೆರಳು ತಣ್ಣಗಿತ್ತು. ಎಲ್ಲ ಮುಗಿಸಿಕೊಂಡು ಶಿವಮೊಗ್ಗದ ಬಸ್ಸು ಹತ್ತಿದೆ.

ಮನೆಗೆ ಬಂದು ದೀಪ ಹಾಕಿದಾಗ ಹಳೆಯ ಯೋಚನೆಯೂ ಬಂತು. ಈಗ ನಾನು ಯಾರ ಕೈಗೂ ಯಾರನ್ನೂ ಒಪ್ಪಿಸಬೇಕಾಗಿರಲಿಲ್ಲ. ಅದಕ್ಕೇ ಹೆದರಿಕೆಯಾಯಿತು. ಅಣ್ಣನಿಗೆ ಫೋನ್ ಮಾಡಿದೆ.

"ಅಣ್ಣಾ, ನಂಗೆ ಸಾಯೋ ಯೋಚನೆ ಬರ್ತಿದೆ. ಮುಂಚೆನೂ ಬಂದಿತ್ತು. ನಿಂಗೆ ಹೇಳಿರ್ಲಿಲ್ಲ."

ಆ ಕಡೆ ಬೈಕಿನ ಕೀಲಿ ಎತ್ತಿಕೊಂಡ ಸದ್ದು.

"ಬಾಗಿಲು ತೆಗೆದೇ ಇಡು. ಫೋನ್ ಅತ್ತಿಗೆ ಕೈಗೆ ಕೊಡ್ತೀನಿ, ಮಾತಾಡ್ತಾ ಇರು. ನಾನು ಹೊರಟೆ."

ಬಾಗಿಲು ತೆಗೆದಿಟ್ಟು ಕೂತೆ.