ನಾಲ್ಕನೆಯ ಮಳೆಯ ಹೆಸರು

ನಮ್ಮ ಅಡುಗೆಮನೆಯ ಸೌಟಿಗೆ ಕೆಲವು ಕಾಲ ಹೆಸರೇ ಇರಲಿಲ್ಲ. ಅದು ಎಂದಿನಂತೆ ಒಲೆಯ ಪಕ್ಕದ ಗೂಟಕ್ಕೆ ತೂಗುತ್ತಿತ್ತು, ಎಂದಿನಂತೆ ಸಾರು ಬಡಿಸುತ್ತಿತ್ತು. ಅಕ್ಕ ಅದನ್ನು ಕೇಳಬೇಕಾದಾಗ ಮಾತ್ರ ಗಾಳಿಯಲ್ಲಿ ಕೈ ತಿರುವಿ, "ಅದೇ ಕಣೋ, ಮುಳುಗಿ ಏಳೋದು" ಎನ್ನುತ್ತಿದ್ದಳು. ಕೆಲವೊಮ್ಮೆ ಕನ್ನಡದ ಸೌಟು ಅಡಗಿಕೊಂಡಾಗ ತೆಲುಗಿನ ಗರಿಟೆ ತಾನಾಗಿ ಬಂದು ನಿಲ್ಲುತ್ತಿತ್ತು. ಎರಡೂ ಕೈಕೊಟ್ಟ ದಿನ ಅವಳೇ ಎದ್ದುಹೋಗಿ ತಂದುಕೊಳ್ಳುತ್ತಿದ್ದಳು. ಬೆಂಗಳೂರಿನಲ್ಲಿ ತರ್ಕಶಾಸ್ತ್ರ ಓದಿ ಬಂದಿದ್ದ ನನಗೆ, ಸೌಟಿಗೆ 'ಮುಳುಗಿ ಏಳೋದು' ಎಂಬುದಕ್ಕಿಂತ ಚೊಕ್ಕಟವಾದ ಲಕ್ಷಣವನ್ನು ಯಾರೂ ಹೇಳಲಾರರು ಅನ್ನಿಸುತ್ತಿತ್ತು.

ಇದು ಅರವತ್ತರ ದಶಕದ ಆರಂಭದ ಮಾತು. ಅಕ್ಕನ ತಲೆನೋವನ್ನು ತೆಲುಗು ಗಡಿಯ ನಮ್ಮೂರು ಮಂಡಿಕಲ್ಲಿನ ನಾವೆಲ್ಲ ಬಹಳ ದಿನ ಪಿತ್ತವೆಂದೇ ತಿಳಿದಿದ್ದೆವು. ಕಣ್ಣು ಮಂಜಾದ ಮೇಲೆ ಮದರಾಸಿಗೆ ಕರೆದೊಯ್ದೆವು. ಅಲ್ಲಿ ತಲೆಯೊಳಗಿನ ಗಡ್ಡೆಯೊಂದನ್ನು ತೆಗೆದರು. ಗಡ್ಡೆ ಕೆಟ್ಟದ್ದಲ್ಲ, ಮತ್ತೆ ಬೆಳೆಯುವ ಭಯವಿಲ್ಲ, ಆದರೆ ಮಾತಿನ ಮನೆಗೆ ಒರಗಿಕೊಂಡು ಕೂತಿತ್ತು ಎಂದರು ಡಾಕ್ಟರು. ಹಾಗೆಂದವರು ಅವರೋ, ಇಷ್ಟು ವರ್ಷಗಳಲ್ಲಿ ನಾನೇ ಅವರ ಬಾಯಲ್ಲಿ ಆ ಮಾತನ್ನು ಇಟ್ಟೆನೋ, ಪ್ರಮಾಣ ಮಾಡಿ ಹೇಳಲಾರೆ. ನನ್ನ ನೆನಪಿನ ಮೇಲೆ ನನಗೇ ಅಷ್ಟು ನಂಬಿಕೆ ಇಲ್ಲ.

ಊರಿನ ಸಂಬಂಧಗಳನ್ನೆಲ್ಲ ನಾಲಗೆಯ ತುದಿಯಲ್ಲಿಟ್ಟುಕೊಂಡಿದ್ದ ಅಕ್ಕನಿಗೆ ಈಗ ಹೆಸರುಗಳೇ ಹಗೆಯಾದವು. ಅವಳು ಮಾತ್ರ ಅಳುತ್ತ ಕೂರಲಿಲ್ಲ. ಒಂಟಿಯಾಗಿ ಕರೆದರೆ ಬಾರದ ಮಾತು ಸಾಲಿನಲ್ಲಿ ಕರೆದರೆ ಬರುತ್ತದೆಂಬುದನ್ನು ತಾನೇ ಕಂಡುಕೊಂಡಳು. ಗುರುವಾರ ಬೇಕಾದರೆ ಭಾನುವಾರದಿಂದ ಹೊರಟು, ತಡವರಿಸದೆ ನಡೆದು, ಗುರುವಾರದ ಬಾಗಿಲಲ್ಲಿ ಗಕ್ಕನೆ ನಿಲ್ಲುತ್ತಿದ್ದಳು.

ಅಷ್ಟರಲ್ಲಿ ನಮಗೆ ಮಗಳು ಹುಟ್ಟಿದಳು. ನಿಮಗೂ ತಿಳಿದದ್ದೇ, ನಾಮಕರಣದ ದಿನ ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳುವ ಹಕ್ಕು ಸೋದರತ್ತೆಯದು. ನಾನು ಆರಿಸಿದ್ದ ಹೆಸರು ಸುಪ್ರಭೆ. ಅವರೆಕಾಯಿ ಸುಲಿಯುತ್ತ, ದನಕ್ಕೆ ಮುಸುರೆ ಇಡುತ್ತ ಅಕ್ಕ ಅದನ್ನು ಕರೆದೇ ಕರೆದಳು. 'ಸು' ಎಂಬಲ್ಲಿಗೆ ದಾರಿ ಮುಗಿಯುತ್ತಿತ್ತು. ಒಂದು ಸಂಜೆ ಮೊರ ಪಕ್ಕಕ್ಕಿಟ್ಟಳು.

"ಅದೇ, ಚಿಕ್ಕಪ್ಪನ ಮಗಳು ಬರ್ತಾಳಲ್ಲ, ಅವಳೇ ಹೇಳ್ಲಿ ಬಿಡೋ. ಸ್ವಂತ ಸೊಸೆ ಹೆಸರು ಬಾಯಿಗೆ ಬರದೋಳು ಎಂಥ ಅತ್ತೆ?"

ಹಾಲೂಡಿಸುತ್ತ ಕೂತಿದ್ದ ನನ್ನ ಹೆಂಡತಿ ಸರೋಜ ತಲೆ ಎತ್ತದೆ ಹೇಳಿದಳು: "ನೀವು ಹೇಳದೆ ತೊಟ್ಟಿಲು ತೂಗಲ್ಲ ಅಕ್ಕಾ. ಇವರ ಸುಪ್ರಭೆ ಕಾಲೇಜಿಗೇ ಇರ್ಲಿ. ನಿಮ್ಗೆ ಬರೋ ಹೆಸರೇ ಇಡಣ."

ಅಕ್ಕ ಮೊರವನ್ನು ಮತ್ತೆ ಮುಂದಕ್ಕೆಳೆದುಕೊಂಡಳು. ಆಮೇಲೆ, "ಹಂಗಾದ್ರೆ ಮಳೇಲಿ ಹುಡುಕ್ತೀನಿ" ಎಂದಳು.

ಬೇಸಾಯದ ಮನೆಯಲ್ಲಿ ಹುಟ್ಟಿದವರಿಗೆ ಮಳೆಗಳ ಹೆಸರು ಯಾರೂ ಕಲಿಸಬೇಕಿಲ್ಲ. ಯಾವ ಮಳೆಗೆ ಉಳುಮೆ, ಯಾವ ಮಳೆಗೆ ಬಿತ್ತನೆ ಎಂಬ ಮಾತು ಜಗಲಿಯಲ್ಲಿ ಆಡಿ ಆಡಿ, ನಕ್ಷತ್ರಗಳ ಆ ಸಾಲು ಎದೆಯ ಬಡಿತದ ಹಾಗೆ ಒಳಗೆ ಸೇರಿಕೊಂಡಿರುತ್ತದೆ. ಡಾಕ್ಟರ ಕತ್ತರಿ ಅದನ್ನು ಮುಟ್ಟಿರಲಿಲ್ಲ.

ನಾಮಕರಣದ ದಿನ ಅಕ್ಕ ತೊಟ್ಟಿಲಿಗೆ ಬಾಗಿದಳು. ಕೂದಲು ಇನ್ನೂ ಪೂರ್ತಿ ಬೆಳೆಯದ ತಲೆಯ ಮೇಲೆ ಸೆರಗು ಹೊದ್ದಿದ್ದಳು. ಹೆಂಗಸರೆಲ್ಲ ಸುತ್ತ ನಿಂತಿದ್ದರು. "ಅಶ್ವಿನಿ, ಭರಣಿ, ಕೃತ್ತಿಕೆ..." ಒಂದು ಉಸಿರಿನ ತಡೆ. ಸರೋಜ ನನ್ನ ಕೈ ಹಿಡಿದಳು. "...ರೋಹಿಣಿ." ಮತ್ತೆ ಅಶ್ವಿನಿಯಿಂದ ಹೊರಟಳು.

"ಏಮ್ಮಾ, ಮಗೂಗೆ ಹೆಸರು ಹೇಳ್ತಿದೀಯೋ, ಬಿತ್ತನೆಗೆ ದಿನ ನೋಡ್ತಿದೀಯೋ?" ಎಂದರು ಚಿಕ್ಕಮ್ಮ.

"ಎರಡೂ ಕಣೇ ಚಿಕ್ಕಮ್ಮ. ಸುಮ್ನಿರು, ದಾರಿ ತಪ್ಪಿಸ್ಬೇಡ" ಎಂದಳು ಅಕ್ಕ ಬಾಗಿಕೊಂಡೇ.

ಶಾಸ್ತ್ರದಂತೆ ಮೂರು ಸಲವೂ ಆಯಿತು. ಆ ದಿನ ಚಿಕ್ಕಮ್ಮ ಬಂದೇ ಇರಲಿಲ್ಲ, ಆ ಮಾತು ಅಂದದ್ದು ಬೇರೆ ಯಾರೋ ಎಂದು ಸರೋಜ ಈಗ ವಾದಿಸುತ್ತಾಳೆ, ಇರಬಹುದು. ಅಕ್ಕ ನೆಟ್ಟಗೆ ನಿಂತು, ಸೆರಗಿನಿಂದ ಮುಖ ಒರೆಸಿಕೊಂಡು, ಗೆದ್ದವಳ ಹಾಗೆ ಎಲ್ಲರನ್ನೂ ಒಮ್ಮೆ ನೋಡಿದಳಲ್ಲ, ಅದರ ಬಗ್ಗೆ ಮಾತ್ರ ನಮ್ಮಿಬ್ಬರಲ್ಲಿ ಜಗಳವಿಲ್ಲ.

ಪದವೆಂದರೆ ವಸ್ತುವಿಗೆ ಅಂಟಿಸಿದ ಚೀಟಿ, ಕೈಹಾಕಿದರೆ ಸಿಗುತ್ತದೆ ಎಂದುಕೊಂಡಿದ್ದವನು ನಾನು. ಅದಕ್ಕೂ ಒಂದು ಕೇರಿ ಇದೆ, ನೆರೆಹೊರೆ ಇದೆ. ಮನೆ ಮರೆತವರು ಕೇರಿಯ ಮೊದಲ ಬಾಗಿಲಿನಿಂದ ಮನೆ ಮನೆ ವಿಚಾರಿಸುತ್ತ ಹೋದರೆ ತಲುಪಬಹುದು. ಅಷ್ಟು ನಡೆಯುವ ತಾಳ್ಮೆ ಎಷ್ಟು ಜನರಲ್ಲಿದೆಯೋ ಕಾಣೆ. ಅಕ್ಕ ದಿನವೂ ನಡೆದಳು.

ರೋಹಿಣಿ ಓಡಾಡುವಂತಾದ ಮೇಲೆ ಅಕ್ಕ ಹಿತ್ತಿಲ ಬಾಗಿಲಲ್ಲಿ ನಿಂತು ಅಶ್ವಿನಿ ಎನ್ನುವಷ್ಟರಲ್ಲೇ, ಕರೆ ತನಗೇ ಎಂದು ತಿಳಿದು ಮಗು ಓಡಿಬಂದು ಅವಳ ಕಾಲು ತಬ್ಬಿಕೊಳ್ಳುತ್ತಿತ್ತು. ಅಕ್ಕ ಅದನ್ನು ಎತ್ತಿ ಸೊಂಟಕ್ಕೆ ಏರಿಸಿಕೊಳ್ಳುತ್ತಿದ್ದಳು. ಏರಿಸಿಕೊಂಡು, ಉಳಿದ ಮೂರನ್ನೂ ಹೇಳಿ ಮುಗಿಸಿಯೇ ಒಳಗೆ ಹೋಗುತ್ತಿದ್ದಳು.