ಒಂಬತ್ತನೆಯ ಮೆಟ್ಟಿಲು

ದೋಣಿಯಲ್ಲಿ ಹೊಳೆ ದಾಟುತ್ತಿದ್ದ ಕಡವಿನ ಹಳೆಯ ಮೆಟ್ಟಿಲುಗಳನ್ನು ಬಿಚ್ಚಿ ಮತ್ತೆ ಇದ್ದ ಹಾಗೇ ಕಟ್ಟುವ ಕೆಲಸ ಶುರುವಾದಾಗ ಮೇಸ್ತ್ರಿ ಪ್ರತಿ ಕಲ್ಲಿಗೂ ಸೀಮೆಸುಣ್ಣದಲ್ಲಿ ನಂಬರು ಬರೆಸಿದ. ಎರಡು ದಿನ ಮಳೆ ಹೊಯ್ಯಿತು. ದಂಡೆಯ ಮೇಲೆ ಹರವಿದ್ದ ನಲವತ್ತೊಂದು ಕಲ್ಲುಗಳೂ ಒರೆಸಿದ ಪಾಟಿಯಂತಾದವು.

ಮೂರನೆಯ ದಿನ ಆತ ನಮ್ಮ ಮನೆ ಬಾಗಿಲಿಗೆ ಬಂದ. ಅತ್ತೆ, ನನ್ನ ಅಪ್ಪನ ಅಕ್ಕ, ಕಡವಿನಲ್ಲಿ ಇಪ್ಪತ್ತಾರು ವರ್ಷ ಟಿಕೆಟ್ ಹರಿದವಳು. ದಿನಾ ಬೆಳಿಗ್ಗೆ ಆ ಮೆಟ್ಟಿಲುಗಳನ್ನು ಗುಡಿಸುವುದೂ ಅವಳ ಪಾಲಿಗೇ ಇತ್ತು.

“ಎಂಜಿನಿಯರ್ ನೋಡಿದ್ರೆ ನನ್ನ ಕಥೆ ಮುಗೀತು, ಅಕ್ಕ.”

“ಸೀಮೆಸುಣ್ಣ ನಂಬ್ಕೊಂಡು ಹೊಳೆಗಿಳಿದ್ಯಲ್ಲ, ಇಷ್ಟು ವರ್ಷ ಅದೇನು ಕಟ್ಟಿದ್ಯೋ,” ಎನ್ನುತ್ತಲೇ ಅತ್ತೆ ಪೊರಕೆ ಹಿಡಿದು ಹೊರಟಳು.

ಕಲ್ಲುಗಳನ್ನು ಅವಳು ಕಣ್ಣಿನಿಂದ ಗುರುತಿಸಲಿಲ್ಲ. ಒಂದೊಂದರ ಮೇಲೂ ಪೊರಕೆ ಎಳೆದಳು. ಎಲ್ಲಿ ತಡೆಯುತ್ತದೆ, ಎಲ್ಲಿ ಜಾರುತ್ತದೆ ಎಂದು ಕೈಗೆ ಗೊತ್ತಿತ್ತು; ಅದರಿಂದಲೇ ಯಾವುದು ಎಷ್ಟನೆಯದೆಂದು ಹೇಳುತ್ತಾ ಹೋದಳು. ಸಂಜೆಯ ಹೊತ್ತಿಗೆ ಒಂದೇ ಕಲ್ಲು ಉಳಿಯಿತು. ಅದನ್ನು ಅವಳು ಮುಟ್ಟಿರಲಿಲ್ಲ.

ಅದರ ಅಂಚಿನಲ್ಲಿ ಬಟ್ಟಲಿನಷ್ಟು ಗುಂಡಿ. ದಡ ಮುಟ್ಟಿದಾಗಲೆಲ್ಲ ದೋಣಿಯವನು ಕಬ್ಬಿಣದ ಮೊನೆಯ ಬಿದಿರ ಗಳು ಊರುತ್ತಿದ್ದ ಜಾಗ. ಆ ಸದ್ದಿಗೆ ಅತ್ತೆ ಟಿಕೆಟ್ ಗೂಡಿನಿಂದ ತಲೆ ಎತ್ತುತ್ತಿದ್ದಳಂತೆ. ಸೇತುವೆಯಾದ ವರ್ಷ ಅವನು ದೋಣಿ ಸಮೇತ ಕೆಳಗಿನ ಯಾವುದೋ ಊರಿಗೆ ಹೋದ. ಅತ್ತೆ ಮದುವೆಯಾಗಲಿಲ್ಲ. ಮನೆಯಲ್ಲಿ ಯಾರೂ ಆ ಮಾತು ಎತ್ತುವುದಿಲ್ಲ.

“ಒಂಬತ್ತನೇದು,” ಎಂದಳು.

“ಗುಂಡಿ ಬಿದ್ದಿದೆ. ಇಂಥದ್ದನ್ನ ಮಗುಚಿ ಹಾಕು ಅಂದಿದ್ದಾರೆ ಎಂಜಿನಿಯರು, ಜನ ಎಡವ್ತಾರೆ.”

“ದೋಣಿ ಬಂದ್ರೆ ಗಳು ಎಲ್ಲಿ ಊರ್ತಾನೆ?”

ನಗಲು ಹೋದ ಮೇಸ್ತ್ರಿ ಅವಳ ಮುಖ ನೋಡಿ ಕೈಯಲ್ಲಿದ್ದ ಹಾರೆ ಕೆಳಗಿಟ್ಟ. “ನೀವು ಹೇಳಿದ ಹಾಗೇ ಹಾಕ್ತೀನಿ ಅಕ್ಕ. ಎಂಜಿನಿಯರಿಗೆ ಏನೋ ಒಂದು ಹೇಳಿದ್ರಾಯ್ತು.”

ಅತ್ತೆ ಕುಕ್ಕರಗಾಲಲ್ಲಿ ಕೂತು ಗುಂಡಿಯಲ್ಲಿ ಅಂಗೈ ಇಟ್ಟಳು. ಮಳೆನೀರು ಇನ್ನೂ ನಿಂತಿತ್ತು.

“ಮೇಲಿದ್ರೆ ಇನ್ನೂ ಸವೆಯುತ್ತೆ, ಅಲ್ವಾ?”

“ಸವೆಯುತ್ತೆ. ಜನರ ಕಾಲು ಬೀಳುತ್ತಲ್ಲ.”

“ಮಗುಚಿದ್ರೆ?”

“ಹಾಗೇ ಇರುತ್ತೆ. ಗುಂಡಿಗೆ ಗಾರೆ ತುಂಬ್ತೀವಿ, ಕಲ್ಲು ಅಲ್ಲಾಡ್ಬಾರ್ದಲ್ಲ.”

“ಕೊಡು ಇಲ್ಲಿ.”

“ಸುಣ್ಣ ಕೈ ಸುಡುತ್ತೆ ಅಕ್ಕ, ಕರಣೆ ತಗೊಳ್ಳಿ.”

ಅವಳು ತೆಗೆದುಕೊಳ್ಳಲಿಲ್ಲ. ಸೆರಗಿನಿಂದ ನೀರು ಒರೆಸಿ, ಬೆರಳಿನಿಂದಲೇ ಗಾರೆ ಒತ್ತಿ ತುಂಬಿದಳು. ನಾಲ್ಕು ಜನ ಹಾರೆ ಕೊಟ್ಟು ಕಲ್ಲನ್ನು ಮಗುಚಿ ಕೂರಿಸಿದರು.

ಅತ್ತೆ ಪೊರಕೆ ಎತ್ತಿಕೊಂಡು ಅದರ ಮೇಲೆ ಎರಡು ಸಲ ಎಳೆದಳು. ನಲವತ್ತೊಂದರಲ್ಲಿ ಅವಳ ಕೈಗೆ ಗುರುತು ಸಿಗದ ಕಲ್ಲು ಅದೊಂದೇ.